ಅದಲುಬದಲಾದ ನಾಲ್ಕನೆಯ ತರಗತಿ

ಶ್ರೇಣಿಕ ಮಾಸ್ತರರ ತರಗತಿಯಲ್ಲಿ ಓದಲು ಬರುವ ಒಂದು ಮಗುವೂ ಇರಲಿಲ್ಲ. ಉಳಿದದ್ದೆಲ್ಲ ಇತ್ತು: ಮಿಂಚುವ ಚಾರ್ಟು, ಥರ್ಮಾಕೋಲಿನ ಕೃಷ್ಣಾ ನದಿ, ಸ್ವಂತ ಖರ್ಚಿನ ಪ್ರೊಜೆಕ್ಟರು.

ಪಕ್ಕದ ಕೋಣೆಯಲ್ಲಿ ಅದೇ ನಾಲ್ಕನೆಯ ತರಗತಿಯ ಇನ್ನೊಂದು ವಿಭಾಗ. ಅಲ್ಲಿನ ಚಂದ್ರಮತಿ ಟೀಚರ ಬಳಿ ಇದ್ದದ್ದು ಸೀಮೆಸುಣ್ಣ, ಪಠ್ಯಪುಸ್ತಕ. ದಿನಕ್ಕೆ ಒಂದೇ ಪುಟ. ಪ್ರತಿ ಮಗುವೂ ಓದಬೇಕು. ಎಡವಿದವರಿಗೆ ಮತ್ತೆ ಹೇಳಿಕೊಡಬೇಕು. ಅಷ್ಟೇ. ಆ ಮಕ್ಕಳು ಗಡಗಡ ಓದುವುದು ಗೋಡೆ ದಾಟಿ ಕೇಳಿದಾಗಲೆಲ್ಲ ಶ್ರೇಣಿಕರ ಹೊಟ್ಟೆ ಕಬ್ಬಿನ ಹಂಗಾಮಿನಲ್ಲಿ ಸಕ್ಕರೆ ಕಾರ್ಖಾನೆಯ ಚಿಮಣಿಯಂತೆ ಹೊಗೆಯಾಡುತ್ತಿತ್ತು.

ಆ ಸೋಮವಾರ ಶಿಕ್ಷಣ ಇಲಾಖೆಯ ಲಗಮಣ್ಣ ಸಾಹೇಬರ ತಪಾಸಣೆ. ಇಬ್ಬರಲ್ಲಿ ಒಬ್ಬರನ್ನು ನಿಪ್ಪಾಣಿಯ ಕಚೇರಿ ಕೆಲಸಕ್ಕೆ ಆರಿಸುತ್ತಾರೆಂಬ ಸುದ್ದಿಯಿತ್ತು. ಶ್ರೇಣಿಕರ ಮನೆ ನಿಪ್ಪಾಣಿಯಲ್ಲಿ. ಈ ನದಿದಂಡೆಯ ಹಳ್ಳಿಗೆ ದಿನಾ ಎರಡು ಬಸ್ಸು ಬದಲಿಸಿ ಬರಬೇಕು. ಆ ಹುದ್ದೆ ಚಂದ್ರಮತಿಗೆ ಹೋದೀತೆಂಬ ಯೋಚನೆಗೇ ಅವರಿಗೆ ಎರಡು ದಿನದಿಂದ ರೊಟ್ಟಿ ಇಳಿದಿರಲಿಲ್ಲ.

“ಟೀಚರ, ಇವತ್ತೊಂದಿನ ಹುಡುಗ್ರನ್ನ ಅದಲಿಬದಲಿ ಮಾಡೂಣೇನ್ರಿ? ನನ್ನವೂ ನಿಮ್ಮ ಕಡೆ ಒಂದೀಟು ಕಲೀಲಿ.” ಬೆಳಿಗ್ಗೆಯೇ ಶ್ರೇಣಿಕರು ಕೇಳಿದರು.

“ಆತ್ರಿ, ಕಳಸ್ರಿ. ಅಕ್ಷರದಿಂದನ ಸುರು ಮಾಡ್ತೀನಿ,” ಎಂದರು ಚಂದ್ರಮತಿ.

ಸಾಹೇಬರು ಬಂದರು. ಶ್ರೇಣಿಕರ ಕೋಣೆಯಲ್ಲಿ ಸಪನಾ ಎಂಬ ಹುಡುಗಿ ಎದ್ದು ಇಡೀ ಪುಟ ಓದಿದಳು. ಅಷ್ಟರಲ್ಲಿ ಬಿಸಿಯೂಟದ ಚನ್ನವ್ವ ಚಹಾ ತಂದಳು.

“ಅಯ್ಯ, ಸಪನಾ! ನೀ ಇಲ್ಲ್ಯಾಕ ಕುಂತೀಬೇ?”

“ಚನ್ನವ್ವ, ಸಾರು ಹೊತ್ತಾಕತ್ತೈತಿ, ಓಡು!” ಶ್ರೇಣಿಕರು ಅವಸರದಿಂದ ಚಹಾ ಕಸಿದುಕೊಂಡರು.

“ಇನ್ನೂ ಒಲೀನ ಹಚ್ಚಿಲ್ರಿ ಮಾಸ್ತರ.”

“ಹಂಗಾರ ಹೋಗಿ ಹಚ್ಚು!”

ಸಾಹೇಬರು ಪಕ್ಕದ ಕೋಣೆಗೂ ಹೋಗಿ, ಹತ್ತು ನಿಮಿಷದಲ್ಲಿ ಮುಖ ಹುಳಿ ಮಾಡಿಕೊಂಡು ಹೊರಬಂದರು.

“ಸಾಹೇಬ್ರ, ನಿಪ್ಪಾಣಿ ಕೆಲಸ...”

“ಚಂದ್ರಮತಿಯವರನ್ನ ಕಳಸ್ತೀನ್ರಿ. ನಾಲ್ಕನೇ ಕ್ಲಾಸಿಗೆ ಇನ್ನೂ ಅ ಆ ಕಲಸಾಕತ್ತಾರ! ಕಚೇರ್ಯಾಗ ಫೈಲ್ ನೋಡ್ಕೋತ ಕುಂದರ್ಲಿ. ನಿಮ್ಮಂಥಾವ್ರನ್ನ ಕರಕೊಂಡ ಹೋದ್ರ ಹುಡುಗ್ರ ಗತಿ ಏನ್ರಿ? ಎರಡೂ ವಿಭಾಗ ನೀವ ನೋಡ್ಕೋರಿ.”

“ಸಾಹೇಬ್ರ, ಈ ಹುಡುಗ್ರಿಗೆ ನಾ ಏನೂ ಕಲಿಸಿಲ್ರಿ!”

“ನೋಡ್ರಿ, ಇಷ್ಟ ಕಲಿಸಿದ್ರೂ ಒಂದೀಟೂ ಗರ್ವ ಇಲ್ಲ,” ಎಂದು ಸಾಹೇಬರು ಬೆನ್ನು ತಟ್ಟಿದರು.

ಇನ್ನೂ ಬಿಡಿಸಿ ಹೇಳಿದರೆ ನೌಕರಿಗೇ ಕುತ್ತು.

ಮುಂದಿನ ಸೋಮವಾರ ಚಂದ್ರಮತಿ ನಿಪ್ಪಾಣಿಗೆ ಹೋದರು. ಶ್ರೇಣಿಕರು ಕಳೆದುಕೊಂಡದ್ದು ಒಂದು ಹುದ್ದೆ. ಎರಡೂ ವಿಭಾಗದ ಐವತ್ತೆಂಟು ಮಕ್ಕಳು ಕಳೆದುಕೊಂಡದ್ದು ಒಬ್ಬ ಟೀಚರನ್ನು.