ಪಾಸಿಗೊಂದು ಗಂಟು

ಬಾಸ್ಕೆಟ್‌ಬಾಲ್ ಕಲಿಸುತ್ತಲೇ ಬುಟ್ಟಿಯ ಕಡೆ ಒಮ್ಮೆಯೂ ಕಣ್ಣೆತ್ತಿ ನೋಡದ ಕೋಚ್ ಇಡೀ ಇಚಲಕರಂಜಿಯಲ್ಲಿ ಒಬ್ಬರೇ ಇದ್ದರು. ಅವರು ನನ್ನ ಪಾಲಿಗೇ ಬರಬೇಕೆ!

ಅರವತ್ತರ ದಶಕದ ಮಾತು. ನಮ್ಮ ಯಜಮಾನರು ಹಗಲು ಪವರ್‌ಲೂಮಿನಲ್ಲಿ ಹರಿದ ಎಳೆ ಹುಡುಕುವರು, ಸಂಜೆ ನೇಕಾರರಿಗೆ ಆಟ ಕಲಿಸುವರು. ಅವರ ಅಂಗಿಯ ಗುಂಡಿಗಳಿಂದ ಆಟಗಾರನಿಗೆ ಎರಡರಂತೆ, ಒಂದು ಬಿಳಿ ಒಂದು ಕೆಂಪು, ದಾರಗಳು ಜೋತಾಡುತ್ತಿದ್ದವು. ಪಾಸು ಕೊಟ್ಟ ಚೆಂಡು ಜೊತೆಗಾರನ ಕೈ ಸೇರಿದರೆ ಬಿಳಿ ದಾರಕ್ಕೆ ಗಂಟು, ಕಳೆದುಹೋದರೆ ಕೆಂಪು ದಾರಕ್ಕೆ. ಯಾರಾದರೂ ಅಂಕ ಕೇಳಿದರೆ, "ಅದು ಬೋರ್ಡಿನ ಮ್ಯಾಗ ಐತಿ, ನೋಡ್ಕೋರಿ. ಚೆಂಡು ಬುಟ್ಟಿತನಕ ಹೆಂಗ ಬಂತು ಅನ್ನೂದು ಯಾರರೆ ನೋಡಬೇಕಲ್ಲ?" ಎನ್ನುವರು.

ಊಟದಲ್ಲೂ ಅದೇ. "ಭಕ್ರಿ ಮೂರು ಕೈ ದಾಟಿ ಸುಸೂತ್ರ ಬಂತು. ಶೇಂಗಾ ಹಿಂಡಿ ಮಾತ್ರ ನಡುವ ನಿನ್ನ ತಮ್ಮ ಹೊಡದ."

ಕೊಲ್ಹಾಪುರದ ಪಂದ್ಯಕ್ಕೆ ಎರಡು ದಿನವಿರುವಾಗ ಗಡಹಿಂಗ್ಲಜದ ಎತ್ತರದ ನೇಕಾರನನ್ನು ತಂಡದಿಂದ ತೆಗೆದರು. ಅವನ ಕೆಂಪು ದಾರದಲ್ಲಿ ಗಂಟಿಗೆ ಜಾಗವೇ ಉಳಿದಿರಲಿಲ್ಲ. ಅವನು ನಮ್ಮ ಹೊಸ್ತಿಲ ಮೇಲೆ ಬಂದು ಕುಳಿತ. ಚಹಾ ಮುಟ್ಟಲಿಲ್ಲ.

"ಅಣ್ಣಾರ, ನಮ್ಮವ್ವ ಆಟಾ ನೋಡಾಕ ಬರಾಕತ್ತಾಳ್ರಿ. ಏನ್ ಹೇಳ್ಲಿ?"

ನನಗೆ ತಡೆಯಲಾಗಲಿಲ್ಲ. "ಅಲ್ರೀ, ಒಗದಾವಗ ಗಂಟು ಹಾಕ್ತೀರಿ. ಹಿಡೀಲಾರದಾವಗ ಏನೂ ಇಲ್ಲೇನು?"

ಯಜಮಾನರು ಚೆಂಡು ಅವನ ಕೈಗಿಟ್ಟು ಅಂಗಳಕ್ಕಿಳಿದರು. "ಒಗಿ ನನಗ" ಎಂದರು. ಅವನು ಒಗೆದ. ಚೆಂಡು ನೇರ ಇವರ ಎದೆಗೆ ಬಂದು ಬಡಿದು ಬಚ್ಚಲು ಸೇರಿತು. ಎರಡನೆಯದೂ ಅಲ್ಲಿಗೇ. ಮೂರನೆಯದಕ್ಕೆ ಇವರೇ ಕುಳಿತುಬಿಟ್ಟರು.

"ಇವನ ಕೈ ಬರೋಬರಿ ಐತಿ" ಎಂದರು, ಎದೆ ತಿಕ್ಕಿಕೊಳ್ಳುತ್ತ. "ಹಿಡಿಯವ್ರು ನಿದ್ದಿ ಮಾಡಾಕತ್ತಾರ."

ಮರುದಿನವೆಲ್ಲ ಉಳಿದವರಿಗೆ ಬರೀ ಹಿಡಿಯುವ ಪಾಠ. ಕೊಲ್ಹಾಪುರದಲ್ಲಿ ಅವನು ಆಡಿದ. ಒಂದೂ ಬುಟ್ಟಿ ಹಾಕಲಿಲ್ಲ, ಹಾಕುವವರ ಕೈಗೆಲ್ಲ ಚೆಂಡು ಮುಟ್ಟಿಸಿದ. ನಾವು ಗೆದ್ದೆವು. ಅವನ ಅವ್ವ ಹೆಂಗಸರ ಸಾಲಿನಲ್ಲಿ ನನ್ನ ಕೈ ಹಿಡಿದುಕೊಂಡೇ ಕುಳಿತಿದ್ದಳು.

ಆಟ ಮುಗಿದ ಮೇಲೆ ಎದುರು ತಂಡದ ಕೋಚ್, ಒಂದೂ ಬುಟ್ಟಿ ಹಾಕದವನನ್ನು ಆಡಿಸಿ ಗೆದ್ದದ್ದು ಯಾರ ಯುಕ್ತಿ ಎಂದು ಮರಾಠಿಯಲ್ಲಿ ಕೇಳಿದರು.

"ನಮ್ಮ ಮನಿಯಾಕೀದು" ಎಂದು ಇವರು ಎಲ್ಲರೆದುರು ನನ್ನತ್ತ ಕೈ ತೋರಿಸಿದರು.

ಯಜಮಾನರು ತೀರಿಕೊಂಡು ಮೂರು ತಿಂಗಳಾಯಿತು. ಅಂದು ಹಾಗೆ ಹೇಳುವಾಗ ಅವರ ಮುಖ ಹೇಗಿತ್ತು ಎಂದು ನೆನಪಿಸಿಕೊಳ್ಳಲು ದಿನವೂ ಹೆಣಗುತ್ತೇನೆ. ಆಗುವುದಿಲ್ಲ. ನಾಚಿಕೆಯಿಂದ ನಾನು ತಲೆ ಎತ್ತಿರಲೇ ಇಲ್ಲ.