ಹೆಂಡತಿ ಪುಟ್ಟೇನಹಳ್ಳಿಯಲ್ಲಿ, ಫೋನು ಅಂಗಡಿಯಲ್ಲಿ

ಏನಾಯಿತು ಅಂತ ಊಹಿಸಿ ನೋಡೋಣ. ಹದಿನೈದು ದಿನಕ್ಕೆ ಅಂತ ಅಕ್ಕನ ಮನೆಗೆ ಹೋದ ಹೆಂಡತಿ, ಮಾವಿನಹಣ್ಣಿನ ಕಾಲ ಮುಗಿಯುತ್ತಾ ಬಂದರೂ ವಾಪಸ್ಸು ಬರಲಿಲ್ಲ. ಮನೆಯಲ್ಲಿ ಉಳಿದ ಗಂಡ ಏನು ಮಾಡಿದ? ಅಡುಗೆ ಕಲಿತ ಅಂದಿರಾ? ಇಲ್ಲ. ಜಗಳ ಆಡಿದ? ಅದಕ್ಕೂ ಎದುರಿಗೆ ಒಬ್ಬರು ಬೇಕಲ್ಲ. ಸ್ಮಾರ್ಟ್‌ಫೋನ್ ಕೊಳ್ಳಬೇಕೋ ಬೇಡವೋ ಅಂತ ಯೋಚನೆ ಮಾಡಿದ. ಅಷ್ಟೂ ಕಾಲ ಅದೊಂದೇ ಯೋಚನೆ.

ಆ ಗಂಡ ನಾನೇ. ಯಶವಂತಪುರದ ಕಾರ್ಖಾನೆಯೊಂದರ ಖರೀದಿ ವಿಭಾಗದಲ್ಲಿ ತಲೆಗೂದಲು ಬೆಳ್ಳಗಾಗುವವರೆಗೆ ಕೂತಿದ್ದು ನಿವೃತ್ತನಾದವನು. ಮೂರು ಕಡೆಯಿಂದ ಕೊಟೇಶನ್ ತರಿಸದೆ ಕಸಪೊರಕೆಯನ್ನೂ ಕೊಂಡವನಲ್ಲ. ಇಂಥವನಿಗೆ ಬೇಗ ಬೇಕಾದ ವಸ್ತು ಅಂತ ಒಂದು ಬಂದುಬಿಟ್ಟರೆ ಕೊಟೇಶನ್ ಬರುವಷ್ಟರಲ್ಲಿ ಕಾಲವೇ ಕಳೆದುಹೋಗಿರುತ್ತದೆ. ನನಗೆ ಬೇಗ ಬೇಕಾಗಿದ್ದು ಫೋನಲ್ಲ, ಹೆಂಡತಿ. ಆದರೆ ಅಂಗಡಿಯಲ್ಲಿ ಸಿಗುವುದು ಫೋನು.

ಅವಳ ಅಕ್ಕನ ಮನೆ ಇರುವುದು ಯಲಹಂಕದ ಪುಟ್ಟೇನಹಳ್ಳಿಯಲ್ಲಿ, ನಮ್ಮದು ಸಂಜಯನಗರದಲ್ಲಿ. ಅಕ್ಕನಿಗೆ ಮಂಡಿ ಆಪರೇಷನ್. ಒಂಟಿ ಹೆಂಗಸು, ನೋಡಿಕೊಳ್ಳಲು ತಂಗಿ ಹೋದಳು. ಮಂಡಿ ಎಷ್ಟು ಚೆನ್ನಾಗಿ ಗುಣವಾಯಿತೆಂದರೆ, ಅಕ್ಕ ಖುಷಿಯಾಗಿ ಇನ್ನೊಂದು ಮಂಡಿಯನ್ನೂ ಮಾಡಿಸಿಕೊಂಡರು.

ಇಡ್ಲಾ?

ನನ್ನ ಹತ್ತಿರ ಇದ್ದದ್ದು ಗುಂಡಿ ಒತ್ತುವ ಹಳೆಯ ಫೋನು. ದಿನಾ ಸಂಜೆ ಅದರಿಂದ ಅಕ್ಕನ ಫೋನಿಗೆ ಮಾಡುತ್ತಿದ್ದೆ, ನಮ್ಮನೆಯಾಕೆ ಎತ್ತಿಕೊಳ್ಳುತ್ತಿದ್ದಳು. ಹಿಂದಿನ ಎಸ್‌ಟಿಡಿ ಬೂತುಗಳಲ್ಲಿ ಕೆಂಪು ಅಂಕಿ ಓಡುತ್ತಿತ್ತು, ನೆನಪಿದೆಯೇ? ಆ ಮೀಟರು ಅವಳ ತಲೆಯೊಳಗೆ ಇವತ್ತಿಗೂ ಓಡುತ್ತಿದೆ. ಊಟ ಆಯ್ತಾ, ಬಿಪಿ ಮಾತ್ರೆ ತಗೊಂಡ್ರಾ, ಗ್ಯಾಸ್ ಆಫ್ ಮಾಡಿದ್ರಾ, ಇಷ್ಟು ಕೇಳಿ ಮುಗಿಯುವಷ್ಟರಲ್ಲಿ ಒಂದು ಮಾತು ಬರುತ್ತದೆ: "ಇಡ್ಲಾ?"

ಆಚೆ ಕಡೆ ಅಡುಗೆಮನೆಯಲ್ಲಿ ಸಾಸಿವೆ ಸಿಡಿಯುವುದು ನನಗೆ ಕೇಳಿಸುತ್ತಿತ್ತು. ಸಾಸಿವೆ ಆಯಿತು, ಇನ್ನು ಇಂಗು, ಆಮೇಲೆ ಕರಿಬೇವು ಬೀಳುತ್ತದೆ ಅಂತ ಕಿವಿಯೊಡ್ಡಿ ಕಾಯುತ್ತಿದ್ದೆ. ಕರಿಬೇವಿಗೆ ಮುಂಚೆಯೇ "ಇಡ್ಲಾ" ಬಂದುಬಿಡುತ್ತಿತ್ತು.

ಒಂದು ದಿನ ಧೈರ್ಯ ಮಾಡಿ, ಇಡಬೇಡ, ಸ್ವಲ್ಪ ಇರು ಅಂದೆ.

"ಯಾಕೆ, ಏನಿದೆ ಹೇಳಿ."

"ಏನೂ ಇಲ್ಲ."

"ಏನೂ ಇಲ್ದಿದ್ರೆ ಇಡ್ಲಾ?"

ಅನ್‌ಲಿಮಿಟೆಡ್ ಮಾತು ಅಂತ ಮೊಬೈಲ್ ಕಂಪನಿಗಳ ಬೋರ್ಡು ಕಂಡಾಗಲೆಲ್ಲ ಆಮೇಲೆ ನನಗೆ ನಗು ಬರುತ್ತಿತ್ತು. ಪ್ಲಾನಿಗೆ ಲಿಮಿಟ್ ಇಲ್ಲದೆ ಇರಬಹುದು ಸ್ವಾಮಿ, ನಮ್ಮನೆಯಾಕೆಗೆ ಇದೆ.

ಎರಡು ನೀಲಿ ಗೆರೆ

ಆದರೂ ಮುಖ ನೋಡಿ ಮಾತಾಡಿದರೆ ಅಷ್ಟು ಬೇಗ ಇಡಲಾರಳು ಅನ್ನಿಸಿತು. ಅದಕ್ಕೆ ವಿಡಿಯೋ ಬೇಕು, ವಿಡಿಯೋಗೆ ಅಕ್ಕನ ಹತ್ತಿರ ಇರುವಂಥ ಸ್ಮಾರ್ಟ್‌ಫೋನ್ ನನಗೂ ಬೇಕು, ಫೋನಿಗೆ ಪ್ಲಾನ್ ಬೇಕು. ಅಭ್ಯಾಸಬಲ, ಕೊಟೇಶನ್ ತರಿಸಲು ಹೊರಟೆ. ಬೆಳಗಿನ ವಾಕಿಂಗಿನಲ್ಲಿ ಪಾರ್ಕಿನ ಬೆಂಚಿನ ಮೇಲೆ ಇಬ್ಬರು ಸಿಗುತ್ತಾರೆ. ಒಬ್ಬರು ಗೌಡರು. ನಮ್ಮ ಮನೆಗಳೆಲ್ಲ ಎದ್ದಿರುವುದು ಅವರ ತಂದೆಯ ರಾಗಿ ಹೊಲದ ಮೇಲೆ, ಈಗ ಅವರು ಬಿಲ್ಡರು. ಇನ್ನೊಬ್ಬರು ನನ್ನ ಹಾಗೆಯೇ ನಿವೃತ್ತರು, ಬ್ಯಾಂಕಿನವರು.

ಗೌಡರ ಜೇಬಿನಲ್ಲಿ ಅಂಗಡಿಗೆ ಬಂದ ಹೊಸ ಫೋನು ಯಾವಾಗಲೂ ಇರುತ್ತದೆ. ಇದರಿಂದ ಗಂಡ ಹೆಂಡತಿ ಮಾತುಕತೆ ಸುಧಾರಿಸುತ್ತದೆಯೇ ಅಂತ ಕೇಳಿದೆ.

"ಅದ್ಯಾಕ್ ಕೇಳ್ತೀರಾ ಸಾಮಿ. ನಮ್ಮನೆಯವ್ಳಿಗೂ ಇಂಥದೇ ಒಂದು ಕೊಡ್ಸಿವ್ನಿ. ಅವ್ಳು ಒಳಗೆ, ನಾನು ಆಲ್‌ನಾಗೆ. ಕಾಫಿ ಬೇಕು ಅಂತ ಮೆಸೇಜ್ ಆಕ್ತೀನಿ. ಎರಡು ನೀಲಿ ಗೆರೆ ಬೀಳ್ತದೆ. ಕಾಫಿ ಬರಾಕಿಲ್ಲ."

ಮೊದಲಾದರೆ ಕೇಳಿಸಲಿಲ್ಲವೇನೋ ಅಂತ ಸಮಾಧಾನ ಮಾಡಿಕೊಳ್ಳಬಹುದಿತ್ತಂತೆ. ಈಗ ಕೇಳಿಸಿಯೂ ತರಲಿಲ್ಲ ಅನ್ನುವುದಕ್ಕೆ ಪುರಾವೆ ಇದೆಯಂತೆ.

ವ್ಯಾಲಿಡಿಟಿ

ಬ್ಯಾಂಕಿನವರು ಫೋನಿನ ವಿಚಾರಕ್ಕೆ ಹೋಗಲಿಲ್ಲ. ಮೋಸವಿರುವುದೆಲ್ಲ ಪ್ಲಾನಿನಲ್ಲಿ ಅಂದರು. ವರ್ಷಕ್ಕೆ ಒಟ್ಟಿಗೆ ಹಾಕಿಸಿದರೆ ಅಗ್ಗ, ಆದರೆ ನಮ್ಮ ವಯಸ್ಸಿನವರಿಗೆ ವರ್ಷದ ವ್ಯಾಲಿಡಿಟಿ ತುಸು ಅತಿ ಆಸೆ, ಸಣ್ಣ ಸಣ್ಣ ಅವಧಿಗೆ ಹಾಕಿಸಿಕೊಂಡು ಹೋಗುವುದೇ ಕ್ಷೇಮ ಅಂತ ಅವರ ವಾದ.

ಗೌಡರು ಒಪ್ಪಲಿಲ್ಲ. "ವರ್ಷದ್ದೇ ಆಕ್ಸಿ ಸಾಮಿ. ಯಮ ಬಂದ್ರೆ, ಇನ್ನೂ ವ್ಯಾಲಿಡಿಟಿ ಐತೆ, ಮುಗುದ್ಮೇಲೆ ಬಾರಪ್ಪ ಅಂತ ವಾಪಸ್ ಕಳಿಸ್ಬೋದು."

ಇಬ್ಬರೂ ನಕ್ಕರು, ನಾನೂ ನಕ್ಕೆ. ಆದರೆ ನನ್ನ ಲೆಕ್ಕಾಚಾರ ಯಮನ ವಿಷಯದ್ದಾಗಿರಲಿಲ್ಲ. ವರ್ಷದ ಪ್ಲಾನ್ ಹಾಕಿಸಿದರೆ, ಅವಳು ವರ್ಷವಿಡೀ ಬರುವುದಿಲ್ಲ ಅಂತ ನಾನೇ ಸಹಿ ಹಾಕಿ ಕೊಟ್ಟ ಹಾಗಲ್ಲವೇ? ಮನಸ್ಸು ಹಿಡಿಯಲಿಲ್ಲ. ಮನೆಗೆ ಬಂದು ಹಳೆಯ ಫೋನಿನಿಂದಲೇ ಮಾಡಿದೆ. ಯಾವುದು ಹಾಕಿಸಲಿ, ತಿಂಗಳದ್ದೋ ವರ್ಷದ್ದೋ ಅಂತ ಅವಳನ್ನೇ ಕೇಳಿದೆ. ಎಷ್ಟು ದಿನ ಅಲ್ಲಿರುತ್ತೀಯ ಅಂತ ನೇರವಾಗಿ ಕೇಳುವುದಕ್ಕಿಂತ ಇದು ಮರ್ಯಾದೆಯ ದಾರಿ ಅಂತ ನನ್ನ ಜಾಣತನ. ಅವಳು ಯೋಚಿಸಿ ಹೇಳಿದಳು: "ಯಾವುದ್ರಲ್ಲಿ ಉಚಿತವಾಗಿ ಸ್ಟೀಲ್ ಡಬ್ಬ ಕೊಡ್ತಾರೋ ಅದು."

ಮಂಡಿ ಕ್ಷೇಮವೇ

ಅಷ್ಟು ಕಷ್ಟ ಯಾಕೆ, ಬಸ್ಸು ಹತ್ತಿ ಹೋಗಿ ನೋಡಿಕೊಂಡು ಬರಬಾರದೇ ಅಂತ ನೀವು ಕೇಳಬಹುದು. ಭಾನುವಾರ ಭಾನುವಾರ ಹೋಗುತ್ತಿದ್ದೆ ಕಣ್ರೀ. ಹೆಬ್ಬಾಳದ ಫ್ಲೈಓವರ್ ಮೇಲೆ ಬಸ್ಸು ನಿಂತಲ್ಲೇ ನಿಂತಿದ್ದರೂ, ಇಸ್ತ್ರಿ ಮಾಡಿದ ಷರ್ಟು ಮುದುಡದ ಹಾಗೆ ನೆಟ್ಟಗೆ ಕೂತು ಹೋಗುತ್ತಿದ್ದೆ.

ಅಲ್ಲಿ ಹಾಲಿನಲ್ಲಿ ಸೋಫಾ. ಸೋಫಾದ ನಡುವೆ ಅಕ್ಕ. ಅಕ್ಕನ ಮುಂದೆ ಸ್ಟೂಲು, ಸ್ಟೂಲಿನ ಮೇಲೆ ಕಾಲು. ಹೆಂಡತಿ ಕಾಫಿ ತಂದು ಕೊಟ್ಟು, ಸಕ್ಕರೆ ಸಾಕಾ ಅಂತ ಕೇಳಿ ಒಳಗೆ ಹೋಗುವಳು. ಯಾವಾಗ ಬರ್ತೀಯ ಅನ್ನುವ ಮಾತು ನಾಲಿಗೆಯ ತುದಿಗೆ ಬರುತ್ತಿತ್ತು. ಆದರೆ ಆ ಕಟ್ಟು ಹಾಕಿದ ಕಾಲಿನ ಎದುರಿಗೆ ಅದನ್ನು ಕೇಳುವ ಗಂಡಸು ಎಂಥ ಸ್ವಾರ್ಥಿ ಅನ್ನಿಸಿಕೊಳ್ಳುತ್ತಾನೆ? ಹಾಗಾಗಿ ಮಂಡಿಯನ್ನೇ ವಿಚಾರಿಸುತ್ತಿದ್ದೆ. ಮಡಚಲು ಬರುತ್ತದೆಯೇ, ಊತ ಇಳಿಯಿತೇ, ವ್ಯಾಯಾಮ ಮಾಡಿಸುವವರು ಬಂದಿದ್ದರೇ. ಡಾಕ್ಟರೂ ಅಷ್ಟು ಕೇಳಿರಲಾರರು. ಹಿಂತಿರುಗುವಾಗ ಪುಟ್ಟೇನಹಳ್ಳಿ ಕೆರೆಯ ಬಳಿ ಸ್ವಲ್ಪ ನಿಲ್ಲುತ್ತಿದ್ದೆ. ಹಕ್ಕಿಗಳೆಲ್ಲ ಮನೆ ಸೇರುವ ಹೊತ್ತು. ಅವುಗಳ ಮೇಲೆ ನನಗೆ ಸಣ್ಣ ಹೊಟ್ಟೆಕಿಚ್ಚು.

ಒಂದು ಭಾನುವಾರ ಹೊರಡಲು ಎದ್ದಾಗ ಅಕ್ಕ ಕಣ್ಣೊರೆಸಿಕೊಂಡರು. "ಒಡಹುಟ್ಟಿದವರೂ ಹೀಗೆ ಬರಲ್ಲಪ್ಪ. ವಾರವಾರ ನನ್ನ ಮಂಡಿ ನೋಡಕ್ಕೆ ಇಷ್ಟು ದೂರ ಬರ್ತೀರಲ್ಲ."

ಅಡುಗೆಮನೆಯ ಬಾಗಿಲಲ್ಲಿ ಒಬ್ಬಳು ಸೆರಗು ಬಾಯಿಗೆ ಒತ್ತಿಕೊಂಡು ನಗುತ್ತಿದ್ದಳು.

ಹಿಂದೆ ಮಸುಕು

ಆ ನಗು ನೋಡಿದ ಮೇಲೆ ತಡೆಯಲಾಗಲಿಲ್ಲ. ಮಾರನೆಯ ದಿನವೇ ಆರ್.ಟಿ. ನಗರದ ಮೊಬೈಲ್ ಅಂಗಡಿಗೆ ಹೋದೆ. ಅದು ನನ್ನ ಮೂರನೆಯ ಕೊಟೇಶನ್. ಮಾಲೀಕರು ನನ್ನಷ್ಟೇ ಮಾತುಗಾರರು. ಯಾವ ಉಪಯೋಗಕ್ಕೆ ಸಾರ್, ಗೇಮ್ಸಾ, ಸಿನಿಮಾನಾ ಅಂತ ಕೇಳಿದರು. ಹೆಂಡತಿ ಅಂದೆ. ಅವರು ಗಂಭೀರವಾಗಿ ತಲೆಯಾಡಿಸಿ ಇನ್ನೊಂದು ಕಪಾಟು ತೆಗೆದರು.

ಈ ಕ್ಯಾಮೆರಾದಲ್ಲಿ ಗೋಡೆಯ ಮೇಲಿನ ಇರುವೆಯೂ ಆಚೆಯವರಿಗೆ ಕಾಣುತ್ತದೆ ಅಂತ ಹೊಗಳಿ ಒಂದು ಫೋನು ಕೈಗಿತ್ತರು. ಅವಳು ಹೋದಾಗಿನಿಂದ ನಮ್ಮ ಮನೆ ಯಾವ ಸ್ಥಿತಿಯಲ್ಲಿದೆ ಅಂತ ನನಗೆ ಗೊತ್ತು. ಇಷ್ಟು ಚೆನ್ನಾಗಿ ಕಾಣಿಸದೆ ಇರುವುದು ಇದೆಯೇ ಅಂತ ಮೆಲ್ಲಗೆ ಕೇಳಿದೆ.

ಅವರೂ ಸಂಸಾರಸ್ಥರು, ಥಟ್ಟನೆ ಅರ್ಥ ಮಾಡಿಕೊಂಡರು. "ಇದರಲ್ಲಿ ಒಂದು ಸೆಟ್ಟಿಂಗ್ ಇದೆ ಸಾರ್. ನಿಮ್ಮ ಮುಖ ಮಾತ್ರ ಕಾಣುತ್ತೆ, ಹಿಂದೆ ಇರೋದೆಲ್ಲ ಮಸುಕು."

ಮೂವತ್ತು ವರ್ಷ ಖರೀದಿ ಮಾಡಿದ ನಾನು, ಚೌಕಾಸಿಯನ್ನೂ ಮಾಡದೆ ಅದನ್ನೇ ಕಟ್ಟಿಸಿಕೊಂಡೆ. ಪ್ಲಾನ್ ಮಾತ್ರ ಎಲ್ಲಕ್ಕಿಂತ ಕಡಿಮೆ ದಿನದ್ದು ಹಾಕಿಸಿದೆ. ಇಷ್ಟು ಕಡಿಮೆ ಸಾಕಾ ಸಾರ್ ಅಂದರು. ಸಾಕಾಗಲಿ ಅಂತ ನನ್ನ ಆಸೆ ಅಂದೆ. ಡಬ್ಬ ಕೊಡುತ್ತೀರಾ ಅಂತ ಕೇಳುವುದನ್ನೂ ಮರೆಯಲಿಲ್ಲ. ಕೊಡಲಿಲ್ಲ.

ಕಿವಿ

ಮೊದಲ ವಿಡಿಯೋ ಕಾಲ್‌ಗೆ ತಲೆ ಬಾಚಿ, ಪೌಡರ್ ಹಾಕಿಕೊಂಡು ಕೂತೆ. ಹಿಂದೆ ಎಲ್ಲ ಮಸುಕು ಮಾಡಿಟ್ಟೆ. ಅವಳು ಫೋನೆತ್ತಿದಳು. ಎತ್ತಿ, ಎಂದಿನ ಅಭ್ಯಾಸದಂತೆ ಕಿವಿಗೆ ಒತ್ತಿ ಹಿಡಿದಳು.

ನನ್ನ ಪರದೆಯ ತುಂಬಾ ಒಂದು ಕಿವಿ. ಅದರಲ್ಲಿ ಮದುವೆಯ ದಿನದ ಕೆಂಪು ಹರಳಿನ ಓಲೆ, ಮೇಲೆ ಅಂಟಿಕೊಂಡ ಒಂದು ಬಿಳಿಗೂದಲು. ಆ ಕಿವಿಯನ್ನು ಅಷ್ಟು ಹತ್ತಿರದಿಂದ ನೋಡಿ ಎಷ್ಟು ಕಾಲವಾಗಿತ್ತೋ.

"ಹಲೋ, ಯಾಕೆ ಮಾತಾಡ್ತಿಲ್ಲ?"

"ನೋಡ್ತಾ ಇದೀನಿ."

"ಏನನ್ನ?"

"ಕಿವಿ."

ಸಣ್ಣ ದನಿಯಲ್ಲಿ ಬಂತು: "ಥೂ, ಪಕ್ಕದಲ್ಲಿ ಅಕ್ಕ ಇದಾರೆ."

ಪಾದ

ಫೋನು ಬಂದು ವಾರ ತುಂಬಿರಲಿಲ್ಲ. ಒಂದು ಬೆಳಿಗ್ಗೆ ಅವಳೇ ವಿಡಿಯೋ ಕಾಲ್ ಮಾಡಿದಳು. ಮುಖವೇ ಕಂಡಿತು, ಕಲಿತಿದ್ದಳು. ರೇಷ್ಮೆ ಸೀರೆ, ಮುಡಿಯಲ್ಲಿ ಮಲ್ಲಿಗೆ. ನಾನು ಬನಿಯನ್ನಿನಲ್ಲಿದ್ದೆ.

"ರೀ, ಸ್ನಾನ ಮಾಡಿ ಬೇಗ. ಮಾಡಿ ಬಂದು ಕಾಲು ತೋರಿಸಿ."

ವರ್ಷಕ್ಕೊಮ್ಮೆ ಹೆಂಡತಿ ಗಂಡನ ಪಾದಪೂಜೆ ಮಾಡುವ ಹಬ್ಬ ಅದು. ಮಿಕ್ಕ ದಿನವೆಲ್ಲ, ಒರೆಸಿದ ನೆಲದ ಮೇಲೆ ಇಡಬೇಡಿ ಅಂತ ಬೈಸಿಕೊಳ್ಳುವ ಕಾಲನ್ನು ಆ ಒಂದು ಬೆಳಿಗ್ಗೆ ತಟ್ಟೆಯಲ್ಲಿಟ್ಟು ತೊಳೆಯುತ್ತಾಳೆ. ಮದುವೆಯಾದಾಗಿನಿಂದ ತಪ್ಪಿಸಿದವಳಲ್ಲ. ಫೋನಿನಲ್ಲಿ ಅದು ಹೇಗಾಗುತ್ತದೆ ಅಂದಿದ್ದಕ್ಕೆ, ದೇವರ ಮಂಗಳಾರತಿಯೇ ದಿನಾ ಅಕ್ಕನ ಫೋನಿನಲ್ಲಿ ಬರುತ್ತದೆ, ನೀವೇನು ದೇವರಿಗಿಂತ ದೊಡ್ಡವರಾ ಅಂತ ಕೇಳಿದಳು.

ಸ್ನಾನ ಮಾಡಿ ಬಂದು, ನೆಲದ ಮೇಲೆ ಚೆಂಬಿಗೆ ಫೋನು ಒರಗಿಸಿ, ಸ್ಟೂಲಿನ ಮೇಲೆ ಕೂತು ಪಾದಗಳನ್ನು ಮುಂದಿಟ್ಟೆ. ಬಲಗಾಲು ಇತ್ತ ತನ್ನಿ, ಉಗುರು ಯಾಕೆ ತೆಗೆದಿಲ್ಲ ಅಂತ ಪೂಜೆ ಶುರುವಾಯಿತು. ನಾನು ಬಗ್ಗಿ ಬಗ್ಗಿ ಅವಳನ್ನು ನೋಡುತ್ತಿದ್ದೆ. ಅಷ್ಟು ತಿಂಗಳಲ್ಲಿ ಅವಳು ಅಷ್ಟು ಹೊತ್ತು ನನ್ನನ್ನು ನೋಡಿದ್ದೇ ಇಲ್ಲ, ಈಗ ನೋಡುತ್ತಿದ್ದುದು ಕಾಲನ್ನೇ ಆದರೂ.

ಹೆಬ್ಬೆರಳಿಗೆ ಇಡಲು ಕುಂಕುಮದ ಬೆರಳು ಚಾಚಿದಳು. ಆ ಬೆರಳು ಹೋಗಿ ಪರದೆಯ ಕೆಂಪು ಗುಂಡಿಯ ಮೇಲೆ ಕೂತಿತು, ಕಾಲ್ ಕಟ್ಟಾಯಿತು. ಮತ್ತೆ ಮಾಡಿದಳು. ಈ ಸಲ ಅರಿಶಿನ ಹಚ್ಚುವಾಗ ಬೆರಳು ಪಕ್ಕದ ವಾಲ್ಯೂಮ್ ಗುಂಡಿಗೆ ತಗುಲಿ ನನ್ನ ದನಿ ಅವಳಿಗೆ ಕೇಳಿಸದಂತಾಯಿತು. ನಾನು ಕೂಗುತ್ತಿದ್ದೇನೆ, ಅವಳು ಕಣ್ಣು ಮುಚ್ಚಿ ಮಂತ್ರ ಹೇಳುತ್ತಿದ್ದಾಳೆ. ಅಷ್ಟರಲ್ಲಿ ಹಿಂದಿನಿಂದ ಅಕ್ಕನ ದನಿ ಕೇಳಿಸಿತು: "ಅಯ್ಯೋ, ನೀರು ಹುಯ್ಯಬೇಡ ಕಣೇ, ಅದು ನನ್ನ ಫೋನು!"

ಪಾದ ತೊಳೆಯುವ ಚೆಂಬು ಬಾಗಿದ್ದು ಕಂಡಿತು. ಆಮೇಲೆ ಏನೂ ಕಾಣಲಿಲ್ಲ.

ನಾನೇ ಮಾಡಿದೆ. ನೀವು ಕರೆ ಮಾಡಿರುವ ಚಂದಾದಾರರು ವ್ಯಾಪ್ತಿ ಪ್ರದೇಶದ ಹೊರಗಿದ್ದಾರೆ ಅಂತ ಫೋನಿನೊಳಗಿನ ರೆಕಾರ್ಡಿಂಗ್ ಹೆಂಗಸು ಹೇಳಿದಳು. ಅದನ್ನು ಅವಳು ಹೇಳಬೇಕಾಗಿರಲಿಲ್ಲ. ಅರ್ಧ ಪೂಜೆಯಾದ ಕಾಲನ್ನು ಏನು ಮಾಡಬೇಕು ಅಂತ ತಿಳಿಯದೆ, ಹಾಗೆಯೇ ಚಾಚಿಕೊಂಡು ಕೂತೇ ಇದ್ದೆ.

ಎಷ್ಟೋ ಹೊತ್ತಿನ ಮೇಲೆ ಗೇಟಿನ ಹತ್ತಿರ ಆಟೋ ನಿಂತ ಸದ್ದಾಯಿತು. ಮೊದಲು ಅಕ್ಕನ ವಾಕರ್ ಇಳಿಯಿತು, ಆಮೇಲೆ ಅಕ್ಕ, ಆಮೇಲೆ ತಟ್ಟೆಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ಇವಳು. ಪೂಜೆ ಅರ್ಧಕ್ಕೆ ಬಿಡಬಾರದು ಅಂತ ಅಕ್ಕ ಅಂದರಂತೆ. ಅಕ್ಕನನ್ನು ಬಿಟ್ಟು ಬರುವಂತಿಲ್ಲ, ಅದಕ್ಕೆ ಕರೆದುಕೊಂಡೇ ಬಂದಳಂತೆ. ಪೂರ್ತಿ ವಾಸಿಯಾಗುವವರೆಗೆ ಇನ್ನು ಇಬ್ಬರೂ ಇಲ್ಲೇ ಇರುತ್ತಾರಂತೆ.

ಅವಳು ನೆಲದ ಮೇಲೆ ಕೂತು, ನಿಜವಾದ ನೀರಿನಲ್ಲಿ ನಿಜವಾದ ಕಾಲು ತೊಳೆದಳು. ಅಕ್ಕನಿಗೆ ಕೇಳಿಸದ ಹಾಗೆ ಬಗ್ಗಿ ಕೇಳಿದೆ: "ಅಲ್ಲ ಕಣೇ, ಅಕ್ಕನ್ನ ಕರ್ಕೊಂಡು ಆಗಲೇ ಬಂದುಬಿಡಬಹುದಿತ್ತಲ್ಲ?"

"ಬರಬಹುದಿತ್ತು. ನೀವು ಕರೀಬೇಕಿತ್ತು."

ದಿನಾ ಸಂಜೆ ಕರೆ ಮಾಡುತ್ತಿದ್ದೆನಲ್ಲ ಅಂದೆ, ಆ ಫೋನಿನ ಹೆಂಗಸಿನ ಭಾಷೆಯಲ್ಲೇ.

ಅವಳು ತಲೆ ಎತ್ತಲಿಲ್ಲ. ಹೆಬ್ಬೆರಳಿಗೆ ಕುಂಕುಮ ಇಡುತ್ತಾ ಹೇಳಿದಳು: "ಕರೆ ಮಾಡಿದ್ರಿ. ಕರೀಲಿಲ್ಲ."

ಅಕ್ಕನ ಫೋನು ನನ್ನ ಪಾದತೀರ್ಥದಲ್ಲಿ ಮುಳುಗಿ ಸತ್ತದ್ದರಿಂದ ನನ್ನ ಹೊಸ ಫೋನು ಅವರ ಪಾಲಾಯಿತು, ಪ್ಲಾನ್ ಸಮೇತ. ಫೋನು ಕೊಂಡದ್ದರಿಂದ ಏನಾದರೂ ಪ್ರಯೋಜನ ಆಯಿತೇ ಅಂತ ಪಾರ್ಕಿನಲ್ಲಿ ಬ್ಯಾಂಕಿನವರು ಕೇಳಿದರು. ಆಯಿತು ಸಾರ್, ಒಂದೇ ದಿನ ಫೋನು ಹೋಯಿತು, ಹೆಂಡತಿ ಬಂದಳು ಅಂದೆ. ಯಾವತ್ತು ಅಂತ ಕೇಳಿದರು. ಆಷಾಢದ ಕೊನೆಯ ದಿನ, ಗುರುವಾರ, ಭೀಮನ ಅಮಾವಾಸ್ಯೆ.