ಸಮುದ್ರಕ್ಕೆ ಚೆಲ್ಲಿದ ಚರಗ

ಈಜು ಬಾರದವನು ನೀರಿನ ವಿಷಯದಲ್ಲಿ ಬಾಯಿ ಹಾಕಬಾರದು ಎಂಬುದನ್ನು ನಾನು ಒಪ್ಪುತ್ತೇನೆ. ಆದರೆ ನನ್ನ ಹಣೆಬರಹ ನೋಡಿ. ಅರವತ್ತರ ದಶಕದ ಮೊದಲ ವರ್ಷಗಳಲ್ಲಿ, ಒಂದು ಕೊಡ ನೀರಿಗೆ ನಲ್ಲಿಯ ಮುಂದೆ ಪಾಳಿ ಹಚ್ಚುವ ವಿಜಾಪುರದಲ್ಲಿ, ಸ್ಟೇಷನ್ ರಸ್ತೆಯ ಹಿಂದಿನ ಓಣಿಯಲ್ಲಿ ಕುಳಿತು, ನಾನು ದಿನಾ ಸಂಜೆ ಸಮುದ್ರದ ತೆರೆಗಳ ಭವಿಷ್ಯ ಹೇಳಬೇಕಾಗಿತ್ತು. ಕೇಳುವವಳು ನನ್ನ ಅವ್ವ. ಆಫೀಸಿನಿಂದ ಬಂದು ಚಪ್ಪಲಿ ಬಿಡುವುದರೊಳಗೆ ಆಕೆಯ ಪ್ರಶ್ನೆ ಬರುತ್ತಿತ್ತು: "ಇವತ್ತ ಅಲ್ಲಿ ತೆರಿ ಹ್ಯಾಂಗದಾವೋ ಯಪ್ಪಾ?"

ಅಲ್ಲಿ ಎಂದರೆ ಕಾರವಾರದ ಕಡೆಯ ಒಂದು ಸಣ್ಣ ಬಂದರು. ನನ್ನ ತಮ್ಮ ಸಂಗಪ್ಪ ಅಲ್ಲಿ ಹಂಚಿನ ವಖಾರಿಯೊಂದರಲ್ಲಿ ಕೆಲಸಕ್ಕಿದ್ದ. ತಿಕೋಟಾದ ನಮ್ಮ ಹೊಲದ ಬಾವಿಯಲ್ಲಿ ಈಜು ಕಲಿತವನು ಸಮುದ್ರ ಕಂಡ ಮೇಲೆ ಸುಮ್ಮನಿರುತ್ತಾನೆಯೇ? ಒಡೆದ ದೋಣಿಯ ಹಲಗೆಯೊಂದನ್ನು ಸಂಪಾದಿಸಿ, ಅದರ ಮೇಲೆ ಬೋರಲು ಮಲಗಿ, ತೆರೆಯ ಜೊತೆ ದಂಡೆಗೆ ಜಾರಿಕೊಂಡು ಬರುವ ಹುಚ್ಚು ಹಿಡಿಸಿಕೊಂಡ. ರಜೆಗೆ ಬಂದಾಗ ಅದನ್ನು ಅವ್ವನ ಮುಂದೆ ಹೆಮ್ಮೆಯಿಂದ ಹೇಳಿಯೂಬಿಟ್ಟ. ಅಂದಿನಿಂದ ಆಕೆಗೆ ಊಟ ರುಚಿಸಲಿಲ್ಲ, ನನಗೆ ಈ ಹೊಸ ನೌಕರಿ ಗಂಟುಬಿತ್ತು.

ನನ್ನ ಸಲಕರಣೆಗಳೆಂದರೆ ಚಹಾದ ಹೋಟೆಲಿನ ರೇಡಿಯೊ ಮತ್ತು ನಮ್ಮ ಓಣಿಯ ಆಕಾಶ. ರೇಡಿಯೊದಲ್ಲಿ ಸಮುದ್ರದ ಮಾತು ಬಂದರೆ ಅದನ್ನೇ ಒಪ್ಪಿಸುತ್ತಿದ್ದೆ. ಬರದಿದ್ದರೆ ತಲೆ ಎತ್ತಿ ನೋಡಿ, ಮೋಡವಿಲ್ಲದಿದ್ದರೆ "ಶಾಂತ ಅದಾವ" ಎನ್ನುತ್ತಿದ್ದೆ. ಹೋಟೆಲಿನಲ್ಲಿ ನನಗೆ ಸಮುದ್ರರಾಯರು ಎಂದು ಹೆಸರು ಬಿತ್ತು. ಅವ್ವನ ಶಾಸ್ತ್ರವೇ ಬೇರೆ. ರೋಹಿಣಿ ಮಳೆಯಾದರೆ ಓಣಿಯೆಲ್ಲ ಜೋಳ ಎಂದು ನಂಬಿ ಬಾಳಿದವಳು. ಬಿತ್ತನೆಗೆ ನಡೆಯುವ ಮಳೆ ನಕ್ಷತ್ರ ತೆರೆಗೂ ನಡೆಯಲೇಬೇಕು ಎಂಬುದು ಆಕೆಯ ವಾದ. ನಮ್ಮಿಬ್ಬರ ಭವಿಷ್ಯ ಹೊಂದುತ್ತಿದ್ದುದು ಅಪರೂಪ, ನಿಜವಾಗುತ್ತಿದ್ದುದು ಇನ್ನೂ ಅಪರೂಪ.

ಒಂದು ವರ್ಷ ಎಳ್ಳಮಾವಾಸ್ಯೆ ಹತ್ತಿರ ಬಂದಾಗ ಅವ್ವ ಹೊಸ ಉಪಾಯ ತೆಗೆದಳು. ನಮ್ಮ ಕಡೆ ಆ ದಿನ ಭೂಮಿತಾಯಿ ಬಸುರಿಯೆಂದು ಹೊಲಕ್ಕೆ ಹೋಗಿ ಕಡುಬು, ಸಜ್ಜೆ ರೊಟ್ಟಿ, ಪುಂಡಿ ಪಲ್ಯದ ಚರಗ ಚೆಲ್ಲುತ್ತೇವೆ. "ಭೂಮಿತಾಯಿಗಿ ಉಣಸಿದ್ರ ಆಕಿ ನಮ್ಮನ್ನ ಕಾಯತಾಳ. ಈ ಸಲ ನೀರಿಗೂ ಒಂದ ತುತ್ತ ಹಾಕಿ ಬಾ. ನನ್ನ ಕೂಸು ಅದರ ಬಾಯಾಗ ಆಡಾಕತ್ತೈತಿ," ಎಂದಳು. ನಗಬೇಕೆನಿಸಿತು, ಆಕೆಯ ಮುಖ ನೋಡಿ ನಗಲಿಲ್ಲ. ಬುಟ್ಟಿ ಹೊತ್ತು, ಬಸ್ಸಿನಿಂದ ಬಸ್ಸಿಗೆ ಹತ್ತಿ ಇಳಿದು ಹೋದೆ. ಘಟ್ಟ ಇಳಿಯುವಷ್ಟರಲ್ಲಿ ಪಲ್ಯದ ವಾಸನೆಗೆ ಪಕ್ಕದವರು ಎದ್ದು ಬೇರೆ ಕಡೆ ಕುಳಿತಿದ್ದರು.

ಸಂಗಪ್ಪ ನನ್ನನ್ನು ಸಮುದ್ರದೊಳಕ್ಕೆ ಚಾಚಿದ ಗುಡ್ಡದ ಬುಡಕ್ಕೆ ಕರೆದೊಯ್ದ. ತೆರೆ ಆ ಗುಡ್ಡದ ಮೂಗಿಗೆ ಮೊದಲು ತಾಗಿ, ಅಲ್ಲಿಂದ ಒಂದೇ ಸಮನೆ ಮುರಿಯುತ್ತ ಕೊಲ್ಲಿಯ ಒಳಕ್ಕೆ ಓಡುತ್ತಿತ್ತು. "ಎಡಕ್ಕ ಮುರೀತಾವ ನೋಡಣ್ಣಾ," ಎಂದ. ನನಗೆ ಬಲಕ್ಕೆ ಕಾಣುತ್ತಿತ್ತು, ವಾದಕ್ಕಿಳಿದೆ. "ತೆರಿ ಮ್ಯಾಲ ಇದ್ದಂವಗ ಎಡಕ್ಕ. ದಂಡಿ ಮ್ಯಾಲ ನಿಂತಂವನ್ನ ಯಾರ ಕೇಳತಾರ?" ಎಂದು ನಕ್ಕ. ಅಂದು ಗಾಳಿಯಿಲ್ಲ, ಮೋಡವಿಲ್ಲ. ಶಾಂತ ಐತಿ ಎಂದು ಭವಿಷ್ಯ ನುಡಿದು, ಅವನು ಬ್ಯಾಡ ಅನ್ನುವುದರೊಳಗೆ ತುದಿಯ ಬಂಡೆಗಿಳಿದು ಚರಗ ಚೆಲ್ಲಿದೆ. ಎಲ್ಲಿತ್ತೋ ಆ ತೆರೆ, ಎದ್ದು ಬಂದು ಅವ್ವನ ನೈವೇದ್ಯವನ್ನೆಲ್ಲ ನನ್ನ ಮೇಲೇ ಸುರಿದು ಹೋಯಿತು. ತಮ್ಮ ರಟ್ಟೆ ಹಿಡಿದು ಮೇಲಕ್ಕೆಳೆದ. ನನ್ನ ಮೀಸೆಯಲ್ಲಿ ಪುಂಡಿ ಪಲ್ಯವಿತ್ತು.

"ಅಣ್ಣಾ, ಮೋಡ ನೋಡಿ ತೆರಿ ಹೇಳಬಾರದು," ಎಂದು ಅವನು ನನ್ನ ತಲೆ ಒರೆಸುತ್ತ ಹೇಳಿದ. "ಗಾಳಿ ಎಲ್ಲೋ ನಡುಸಮುದ್ರದಾಗ ಎದ್ದಿರತೈತಿ. ಅದರ ತೆರಿ ಇಲ್ಲಿ ಮುಟ್ಟಾಕ ದಿನಗಟ್ಲೆ ಬೇಕು. ಅಷ್ಟರಾಗ ಆಕಾಶ ನಿಚ್ಚಳ ಆಗಿರತೈತಿ. ಒಂದ ತೆರಿಗೂ ಇನ್ನೊಂದಕ್ಕೂ ನಡುವ ಬಿಡುವು ಹೆಚ್ಚಾತಂದ್ರ, ದೊಡ್ಡದು ಬರಾಕತ್ತೈತಿ ಅಂತ ತಿಳೀಬೇಕು."

ಆ ತೆರೆಗಳು ಅವನಿಗೆ ಏನೂ ಮಾಡಲಿಲ್ಲ. ಮುಂದಿನ ಬೇಸಿಗೆಯಲ್ಲಿ ರಜೆಗೆ ಮನೆಗೆ ಬಂದವನಿಗೆ ಕಾಮಣಿಯಾಗಿ ಮೈಯೆಲ್ಲ ಹಳದಿಯಾಯಿತು. ತೆರೆಯ ಹೊರತು ಬೇರೆ ಯಾವುದರ ಭವಿಷ್ಯವನ್ನೂ ನಾವು ನೋಡಿಕೊಂಡಿರಲಿಲ್ಲ. ತಿಕೋಟಾದ ಹೊಲದಲ್ಲಿ, ಅವನು ಈಜು ಕಲಿತ ಬಾವಿಯ ಪಕ್ಕದಲ್ಲೇ ಮಣ್ಣು ಮಾಡಿದೆವು. ಜನರಿಗೆ ಹೇಳಿಕಳಿಸಿದ್ದು, ಬಂದವರನ್ನು ನೋಡಿಕೊಂಡದ್ದು ಎಲ್ಲ ನಾನೇ. ಅಳಲಿಲ್ಲ. ಬೀಗರು "ಗಟ್ಟಿ ಮನಷ್ಯಾ" ಎಂದರು, ನಾನೂ ನಂಬಿದೆ.

ಕೆಲವು ದಿನಗಳ ಮೇಲೆ, ಒಂದು ಸಂಜೆ ಚಪ್ಪಲಿ ಬಿಡುವಾಗ ಅವ್ವ ಮತ್ತೆ ಕೇಳಿದಳು: "ಇವತ್ತ ಅಲ್ಲಿ ತೆರಿ ಹ್ಯಾಂಗದಾವೋ ಯಪ್ಪಾ?" ಪಾಪ, ಆಕೆಗೆ ಭ್ರಮೆ ಹಿಡಿದಿದೆ ಎಂದುಕೊಂಡು "ಶಾಂತ ಅದಾವ ಬೇ ಯವ್ವಾ" ಎಂದೆ. ಮರುದಿನವೂ ಕೇಳಿದಳು. ಎಡಕ್ಕೆ ಮುರಿಯುತ್ತವೋ ಬಲಕ್ಕೋ, ಆ ಹಲಗೆ ಎಷ್ಟು ಉದ್ದ, ಸಂಗ್ಯಾ ಹ್ಯಾಂಗ ಮಲಗತಿದ್ದ, ಹೀಗೆ ಕೆದಕುತ್ತಿದ್ದಳು. ನಾನು ಎಲ್ಲವನ್ನೂ ವಿವರಿಸುತ್ತಿದ್ದೆ. ತಲೆ ಕೆಟ್ಟ ಮುದುಕಿಯನ್ನು ಸಂಭಾಳಿಸುವ ಜಾಣ ಮಗ ನಾನೆಂದು ಒಳಗೊಳಗೇ ಬೀಗುತ್ತಲೂ ಇದ್ದೆ.

ದೀಪಾವಳಿಯ ಸುಮಾರಿಗೆ ಒಂದು ದಿನ. ಬೆಳಿಗ್ಗೆ ಹೊರಡುವಾಗ ಹೆಂಡತಿ ಗಿರಿಜಾ ಛತ್ರಿ ತಂದುಕೊಟ್ಟಳು. ಆಕಾಶ ನೋಡಿ ಬೇಡವೆಂದೆ. ಸಂಜೆ ಮರಳಿದಾಗಲೂ ಒಂದು ಮೋಡವಿರಲಿಲ್ಲ. ಬಾಗಿಲ ಹೊರಗೇ ಒಳಗಿನ ಮಾತು ಕಿವಿಗೆ ಬಿತ್ತು. "ಅತ್ತಿ, ದಿನಾ ಯಾಕ ಆ ತೆರಿ ಮಾತ ತಗೀತೀರಿ? ಅವರಿಗಿ ಸಂಕಟ ಆಗತೈತಿ," ಎನ್ನುತ್ತಿದ್ದಳು ಗಿರಿಜಾ.

"ಸಂಗ್ಯಾ ಮಣ್ಣಾಗ ಅದಾನಂತ ನನಗ ಗೊತ್ತಿಲ್ಲೇನ ಬೇ? ಹಡದಾಕಿ ನಾನು," ಎಂದಳು ಅವ್ವ. "ಈ ದೊಡ್ಡಂವಾ ಒಂದ ಹನಿ ಕಣ್ಣೀರ ಹಾಕಿಲ್ಲ. ತಾನಾಗಿ ತಮ್ಮನ ಹೆಸರ ಎತ್ತಂಗಿಲ್ಲ. ತೆರಿ ಕೇಳಿದ್ರ ಮಾತ್ರ ಅವನ ಮಾತ ಆಡತಾನ. ಅದಕ್ಕ ಕೇಳತೇನಿ."

ಒಂದು ಚಪ್ಪಲಿ ಕಾಲಲ್ಲಿ, ಒಂದು ಕೈಯಲ್ಲಿ, ನಾನು ಕಟ್ಟೆಯ ಮೇಲೆ ಕುಸಿದು ಕುಳಿತೆ. ಎಷ್ಟೊಂದು ಬಿಡುವಿನ ಮೇಲೆ ಬಂದ ತೆರೆಯೋ ಅದು, ಗಟ್ಟಿ ಮನುಷ್ಯನನ್ನು ಓಣಿಯವರೆಲ್ಲ ನೋಡುವಂತೆ ಅಳಿಸಿಬಿಟ್ಟಿತು. ಅವ್ವ ಹೊರಗೆ ಬಂದು ಪಕ್ಕದಲ್ಲಿ ಕುಳಿತಳು, ಸೆರಗಿನಿಂದ ನನ್ನ ಮುಖ ಒರೆಸಿದಳು. ಅಂದು ಏನನ್ನೂ ಕೇಳಲಿಲ್ಲ. ಎದುರುಮನೆಯ ಹೆಂಗಸು ಬಾಗಿಲಿಗೆ ಬಂದು ಏನಾತು ಎಂದಾಗ ಆಕೆಯೇ ಉತ್ತರ ಕೊಟ್ಟಳು: "ಏನಿಲ್ಲವಾ, ಇವತ್ತ ತೆರಿ ಜೋರ ಅದಾವ." ಬೆಳಿಗ್ಗೆ ಆಕಾಶ ನೋಡಿ ಛತ್ರಿ ಬೇಡವೆಂದಿದ್ದ ಸಮುದ್ರರಾಯರ ಅಂಗಿ ಎದೆಯವರೆಗೂ ತೊಯ್ದಿತ್ತು.